ಹೊಳೆಯುವ ವಿಮಾನ ವಿಶ್ವಕೋಶಕ್ಕೆ ಹಣ ಕೊಡುವ ಮುನ್ನ

ಪುಸ್ತಕ ಮೇಳಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಭಾನುವಾರದ ಮಳಿಗೆಗಳಲ್ಲಿ, ಈಗ ಶಾಲೆಗಳ ಬಾಗಿಲಿಗೂ 'ಜಗತ್ತಿನ ಸಮಸ್ತ ವಿಮಾನಗಳು' ಎಂಬ ಧಾಟಿಯ ದಪ್ಪ ಇಂಗ್ಲಿಷ್ ಪುಸ್ತಕಗಳು ಬರುತ್ತಿವೆ. ಗಟ್ಟಿ ರಟ್ಟು, ಹೊಳಪಿನ ಕಾಗದ, ಮುಖಪುಟದಲ್ಲಿ ರಫೇಲ್ ಮತ್ತು ತೇಜಸ್. ಮೈತುಂಬ ಪ್ಲಾಸ್ಟಿಕ್ ಹೊದಿಕೆ. ಮುದ್ರಿತ ಬೆಲೆ 7,995 ರೂಪಾಯಿ, ನಿಮಗಾದರೆ 2,400. ನಮ್ಮ ಬಡಾವಣೆಯ ವಾಚನಾಲಯದ ಸಮಿತಿ ಇಂಥ ಎರಡು ಸಂಪುಟಗಳನ್ನು ನಿವಾಸಿಗಳ ದೇಣಿಗೆಯಲ್ಲಿ ಕೊಂಡಿತು. ಅವನ್ನು ದಾಖಲೆಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊದಿಕೆ ಹರಿದ ಮೇಲೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬೇರೆ ವಾಚನಾಲಯಗಳ ಹಣವಾದರೂ ಉಳಿಯಲಿ ಎಂದು.

ಮೊದಲು ತೆರೆದದ್ದು ಮಾರುತದ ಪುಟವನ್ನು. ಬೆಂಗಳೂರಿನವರು ಯಾರೇ ಆದರೂ ಅದನ್ನೇ ತೆರೆಯುತ್ತಾರೆ. ನಮ್ಮ ಎಚ್‌ಎಎಲ್‌ನಲ್ಲಿ ವಿನ್ಯಾಸಗೊಂಡು, ಇಲ್ಲೇ ತಯಾರಾಗಿ, 1961ರ ಜೂನ್ 17ರಂದು ಇಲ್ಲೇ ಮೊದಲ ಬಾರಿಗೆ ಹಾರಿದ ಜೆಟ್ ಯುದ್ಧವಿಮಾನ ಅದು. ಪುಸ್ತಕದ ಪ್ರಕಾರ ಅದಕ್ಕೆ ಒಂದೇ ಎಂಜಿನ್. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಿತು. ಮೊದಲ ಹಾರಾಟ ನಡೆಸಿದವನು ಒಬ್ಬ ಜರ್ಮನ್ ಪೈಲಟ್. ವಿನ್ಯಾಸ ಮೂಲತಃ ಈಜಿಪ್ಟಿಗಾಗಿ ಮಾಡಿದ್ದು. ನಾಲ್ಕೂ ಸುಳ್ಳು. ಜೊತೆಗಿರುವ ಚಿತ್ರ ಮಾರುತದ್ದೂ ಅಲ್ಲ, ಕಿರಣ್ ತರಬೇತಿ ವಿಮಾನದ್ದು. ಇಬ್ಬರು ಪಕ್ಕಪಕ್ಕ ಕುಳಿತಿರುವುದು ಗಾಜಿನೊಳಗೆ ನಿಚ್ಚಳವಾಗಿ ಕಾಣುತ್ತಿದೆ.

ಮಾರುತಕ್ಕೆ ಇದ್ದದ್ದು ಎರಡು ಓರ್ಫಿಯಸ್ 703 ಎಂಜಿನ್‌ಗಳು. ವಿಮಾನಪುರದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತದ ಹಿಂದೆ ಹೋಗಿ ನೋಡಿದರೆ ಮೂರನೆಯ ತರಗತಿಯ ಹುಡುಗಿಯೂ ಎಣಿಸಿ ಹೇಳುತ್ತಾಳೆ. ಶಬ್ದದ ಎರಡು ಪಟ್ಟು ವೇಗವೆನ್ನುವುದು ವಾಯುಪಡೆ ಆರಂಭದಲ್ಲಿ ಇಟ್ಟುಕೊಂಡಿದ್ದ ಗುರಿ. ನೆಚ್ಚಿಕೊಂಡಿದ್ದ ಹೆಚ್ಚು ಬಲದ ಎಂಜಿನ್ ಸಿಗದೆ, ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಇಲ್ಲದ ಓರ್ಫಿಯಸ್ಸಿಗೇ ಒಪ್ಪಿಕೊಳ್ಳಬೇಕಾಗಿ ಬಂದುದರಿಂದ ಆ ಗುರಿ ಕಾಗದದಲ್ಲೇ ಉಳಿಯಿತು. ಈ ವಿಮಾನದ ಇಡೀ ಕಥೆ ಇರುವುದೇ ಆ ಕೊರತೆಯಲ್ಲಿ. ಅದನ್ನು ಬಿಟ್ಟು ಗುರಿಯನ್ನೇ ಸಾಧನೆಯೆಂದು ಅಚ್ಚು ಹಾಕಿದರೆ ಓದುವ ಮಗುವಿಗೆ ತಿಳಿಯುವುದೇನು? ಮೊದಲ ಹಾರಾಟ ನಡೆಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲೇ ಅವರು ಪ್ರಾಣ ಕಳೆದುಕೊಂಡರು. ಹಳೆ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಇಟ್ಟಿರುವುದು ಅವರದೇ ಹೆಸರು. ನಮ್ಮ ವಾಚನಾಲಯದ ಅರ್ಧ ಓದುಗರು ದಿನವೂ ಓಡಾಡುವುದು ಆ ರಸ್ತೆಯಲ್ಲೇ.

ಈಜಿಪ್ಟಿನ ಎಳೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಮಾರುತದ ವಿನ್ಯಾಸ ತಂಡದ ಮುಖ್ಯಸ್ಥರು ಜರ್ಮನಿಯ ಕುರ್ಟ್ ಟ್ಯಾಂಕ್. ಅದೇ ಕಾಲದಲ್ಲಿ ಈಜಿಪ್ಟಿನ ಎಚ್‌ಎ-300 ಯೋಜನೆಯ ಹಿಂದೆ ಇದ್ದವರು ಇನ್ನೊಬ್ಬ ಜರ್ಮನ್, ವಿಲ್ಲಿ ಮೆಸ್ಸರ್‌ಶ್ಮಿಟ್. ಈಜಿಪ್ಟಿನ ಎಂಜಿನ್ ಪರೀಕ್ಷಿಸಲು ಒಂದು ಮಾರುತವನ್ನು ಅಲ್ಲಿಗೆ ಕಳಿಸಿದ್ದೂ ನಿಜ. ಈ ಮೂರನ್ನು ಯಾರೋ ಅವಸರದಲ್ಲಿ ಒಂದು ಮಾಡಿದ್ದಾರೆ. ಇಷ್ಟು ದಪ್ಪ ಪುಸ್ತಕದಲ್ಲಿ ಒಂದು ಪುಟ ಕೆಟ್ಟರೆ ಕ್ಷಮಿಸಬಹುದಿತ್ತು.

ಆದರೆ ಮುಂದಿನ ಪುಟಗಳು ಇನ್ನೂ ವಿಚಿತ್ರ. 'ಹೊಸ ಆವೃತ್ತಿ 2023' ಎಂದು ಮುಖಪುಟದಲ್ಲಿ ಬಂಗಾರದ ಅಕ್ಷರ. ಒಳಗೆ ಕಾಂಕಾರ್ಡ್ ಇನ್ನೂ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಪ್ರಯಾಣಿಕರನ್ನು ಹೊತ್ತು ಹಾರುತ್ತಿದೆ, ವರ್ತಮಾನ ಕಾಲದಲ್ಲಿ! ಅದರ ಕೊನೆಯ ಪ್ರಯಾಣಿಕ ಹಾರಾಟ ಮುಗಿದದ್ದು 2003ರ ಅಕ್ಟೋಬರ್ 24ರಂದು. ಸೋವಿಯತ್ ಒಕ್ಕೂಟ ಹೊಸ ಬಾಂಬರ್ ತಯಾರಿಸುತ್ತಲೇ ಇದೆ. ತೇಜಸ್ ಮುಖಪುಟದಿಂದ ಒಳಗೆ ಕಾಲಿಟ್ಟಿಲ್ಲ. ಪುಸ್ತಕದ ನಿಜವಾದ ವಯಸ್ಸು ಗೊತ್ತಾದದ್ದು ಎಫ್-19 ಎಂಬ ಅಮೆರಿಕದ ರಹಸ್ಯ ವಿಮಾನದ ಪುಟದಲ್ಲಿ. ನುಣುಪಾದ ಬಾಗು ಮೈ, ಒಳಕ್ಕೆ ವಾಲಿದ ಎರಡು ಬಾಲದ ರೆಕ್ಕೆ, ವೇಗ, ಉದ್ದ, ತೂಕ ಎಲ್ಲವೂ ಕೋಷ್ಟಕದಲ್ಲಿ ಅಚ್ಚುಕಟ್ಟು.

ಅಂಥ ವಿಮಾನವೇ ಇರಲಿಲ್ಲ. ಅಮೆರಿಕದವರ ಹೆಸರಿನ ಸರಣಿ ಎಫ್-18ರಿಂದ ಎಫ್-20ಕ್ಕೆ ಹಾರಿತ್ತು. ನಡುವಿನದು ಬಚ್ಚಿಟ್ಟ ವಿಮಾನವೇ ಇರಬೇಕೆಂದು ಜನ ಊಹಿಸಿದರು. 1986ರಲ್ಲಿ ಆಟಿಕೆ ಮಾದರಿಗಳ ಒಂದು ಕಂಪನಿ ಆ ಊಹೆಗೆ ಆಕಾರ ಕೊಟ್ಟು ಜೋಡಣೆಯ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಭರ್ಜರಿಯಾಗಿ ಮಾರಾಟವಾಯಿತು. 1988ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ಮಸುಕು ಚಿತ್ರವೊಂದನ್ನು ಬಿಡುಗಡೆ ಮಾಡಿದಾಗ ಕಂಡದ್ದು ನಿಜವಾದ ರಹಸ್ಯ ವಿಮಾನ ಎಫ್-117, ಚಪ್ಪಟೆ ಹಲಗೆಗಳನ್ನು ಕೋನಕೋನವಾಗಿ ಜೋಡಿಸಿದಂಥ ಮೈ. ಎಫ್-19ರ ನುಣುಪಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅಂದರೆ ನಮ್ಮ '2023ರ' ವಿಶ್ವಕೋಶದ ಪಠ್ಯ ಆ ನವೆಂಬರ್‌ಗಿಂತ ಹಿಂದಿನದು.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಪುಸ್ತಕ ಮೊದಲು ಬೇರೆ ಹೆಸರಿನಲ್ಲಿ ಬಂದಿತ್ತೆಂಬ ಒಂದು ಸಾಲು ಇದೆ. ಎರಡನೆಯ ಸಂಪುಟದಲ್ಲೂ ಅದೇ ಸಾಲು, ಅದೇ ಹಳೆಯ ಹೆಸರು. ಹೋಲಿಸಿ ನೋಡಿದರೆ 'ಯುದ್ಧವಿಮಾನಗಳು' ಮತ್ತು 'ವಿಮಾನಯಾನದ ಇತಿಹಾಸ' ಎಂಬ ಈ ಎರಡು ಸಂಪುಟಗಳು ಒಂದೇ ಬರಹ, ಅಧ್ಯಾಯಗಳ ಕ್ರಮ ಮಾತ್ರ ಬೇರೆ. ಪಠ್ಯ ಮತ್ತು ಚಿತ್ರಗಳನ್ನು ಒಟ್ಟಿಗೆ ಸಿದ್ಧಪಡಿಸಿ ಹಲವು ಪ್ರಕಾಶಕರಿಗೆ ಹಲವು ಹೆಸರಿನಲ್ಲಿ ಮಾರುವುದು ವಿದೇಶಗಳಲ್ಲಿ ಹಳೆಯ ವ್ಯಾಪಾರ, ಅದು ಅಪರಾಧವೇನಲ್ಲ. ಹಳೆಯದನ್ನು ಹೊಸದೆಂದು, ಒಂದನ್ನು ಎರಡೆಂದು ಮಾರಿದ್ದು ಮಾತ್ರ ಮೋಸ. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಾಗ ಕೆಳಗೆ ಪೌಂಡ್ ಲೆಕ್ಕದ ಸಣ್ಣ ಬೆಲೆಯೊಂದು ಹಲ್ಲು ಕಿಸಿಯಿತು.

ಕೋಷ್ಟಕಗಳನ್ನೂ ನಂಬಬೇಡಿ. ವಿಮಾನಗಳ ವೇಗ ಅಳೆಯುವ ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಯಾರೋ ಅದನ್ನು ಮೈಲಿಯೆಂದು ತಿಳಿದು 1.609ರಿಂದ ಗುಣಿಸಿರುವುದರಿಂದ ಹಲವು ವಿಮಾನಗಳು ಶೇಕಡಾ 13ರಷ್ಟು ವೇಗ ಕಳೆದುಕೊಂಡಿವೆ.

ಇನ್ನು ಈ 'ಭಾರತೀಯ ಆವೃತ್ತಿ'ಗೆಂದೇ ಅಂಟಿಸಿದ ಕೆಲವು ಪುಟಗಳು. ಸಾವಿರಾರು ವರ್ಷ ಹಿಂದಿನ ರುಕ್ಮ ವಿಮಾನದ ನಕ್ಷೆಗಳು ಎಂದು ಅಲ್ಲಿ ಕೊಟ್ಟಿರುವ ಚಿತ್ರಗಳು ಹುಟ್ಟಿದ್ದು ನಮ್ಮ ಪಕ್ಕದಲ್ಲೇ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ವೈಮಾನಿಕ ಶಾಸ್ತ್ರಕ್ಕಾಗಿ ನಕ್ಷೆಗಾರ ಎಲ್ಲಪ್ಪನವರು ಬಿಡಿಸಿದ ಚಿತ್ರಗಳು ಅವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1974ರಲ್ಲಿ ಅದನ್ನು ಪರಿಶೀಲಿಸಿ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದ್ದಾರೆ. ನಂಬುವವರು ನಂಬಲಿ, ಪರಾಮರ್ಶನ ಗ್ರಂಥದಲ್ಲಿ ಈ ಪರಿಶೀಲನೆಯ ಒಂದು ಸಾಲಾದರೂ ಬೇಡವೇ?

ಮಾರಾಟಗಾರನಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: 'ಫಾರಿನ್ ಪುಸ್ತಕ ಸಾರ್, ತಪ್ಪಿರುವುದಿಲ್ಲ.' ತಪ್ಪುಗಳ ಪಟ್ಟಿ ಕಳಿಸಿದ ಮೇಲೆ ಮಾತು ಬದಲಾಯಿತು: ಹೊದಿಕೆ ಹರಿದಿದ್ದರಿಂದ ವಾಪಸು ಇಲ್ಲ. ಹೊದಿಕೆ ಹರಿಯದೆ ಓದುವ ಉಪಾಯವನ್ನು ಆತ ತಿಳಿಸಲಿಲ್ಲ.

ಹಾಗಾಗಿ ಯಾರಾದರೂ ಇಂಥ ಸೆಟ್ ಹಿಡಿದು ಬಂದರೆ ಹಣ ಕೊಡುವ ಮೊದಲು ಅವರ ಕೈಯಲ್ಲೇ ಹೊದಿಕೆ ತೆಗೆಸಿ. ಶೀರ್ಷಿಕೆ ಪುಟದ ಹಿಂಬದಿ ಓದಿ. ಅನುಕ್ರಮಣಿಕೆಯಲ್ಲಿ ಮಾರುತ, ತೇಜಸ್, ಕಾಂಕಾರ್ಡ್, ಎಫ್-19 ಹುಡುಕಿ. ಐದು ನಿಮಿಷ ಸಾಕು. ಚಿತ್ರಗಳ ಕೆಳಗೆ ವಿಮಾನದ ಸಂಖ್ಯೆ, ತೆಗೆದ ಸ್ಥಳ, ವರ್ಷ ಇವೆಯೇ ನೋಡಿ. ಶ್ರದ್ಧೆಯಿಂದ ಮಾಡಿದ ಪುಸ್ತಕಗಳಲ್ಲಿ ಅವು ಇರುತ್ತವೆ, ಜೊತೆಗೆ ಆಕರಗಳ ಪಟ್ಟಿಯೂ ಇರುತ್ತದೆ. ಸಾವಿರ ವಿಮಾನಗಳ ಒಂದು ವಿಶ್ವಕೋಶಕ್ಕಿಂತ ಒಂದೇ ವಿಮಾನದ ಬಗ್ಗೆ ಬಲ್ಲವರು ಬರೆದ ತೆಳು ಪುಸ್ತಕ ನನ್ನ ಮಟ್ಟಿಗೆ ಮೇಲು, ಮಕ್ಕಳಿಗೂ ಕೂಡ.

ಕಳೆದ ವಾರ ಅದೇ ಪುಸ್ತಕಗಳನ್ನು ಇನ್ನೊಂದು ಬಡಾವಣೆಯ ಮಳಿಗೆಯಲ್ಲಿ ಕಂಡೆ. ಈಗ ಅವು ಮೂರು ಸಂಪುಟಗಳಾಗಿವೆ. ಬಂಗಾರದ ಅಕ್ಷರದಲ್ಲಿ 2025 ಎಂದಿದೆ.