ಹನ್ನೆರಡು ವರ್ಷದ ಕಾರಿಗೆ ಒಂದು ವರ್ಷದ ವಾರಂಟಿ

2024ರಲ್ಲಿ ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರು ಮಳಿಗೆಯಿಂದ 2012ರ ಮಾದರಿಯ, 84,000 ಕಿಲೋಮೀಟರ್ ಓಡಿದ್ದ ಪೆಟ್ರೋಲ್ ಕಾರನ್ನು 3.1 ಲಕ್ಷ ರೂಪಾಯಿಗೆ ಕೊಂಡಾಗ, ಅದರ ಜೊತೆಗೆ 14,000 ರೂಪಾಯಿ ತೆತ್ತು ಒಂದು ವರ್ಷದ ಇಂಜಿನ್ ಮತ್ತು ಗೇರ್‌ಬಾಕ್ಸ್ ವಾರಂಟಿಯನ್ನೂ ಪಡೆದಿದ್ದೆ. ಕಾರಿನ ಗುಣದೋಷಗಳನ್ನು ಬದಿಗಿಟ್ಟು ಆ ವಾರಂಟಿಯ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಮಳಿಗೆಯ ಉಳಿದ ಕೆಲಸದ ಮೇಲೆ ನನ್ನದೇನೂ ದೂರಿಲ್ಲ: ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಹಳೆಯ ಮಾಲೀಕರ ಸಹಿ ಸಿದ್ಧವಿತ್ತು, ಆರ್‌ಸಿ ಮೂರು ವಾರದಲ್ಲಿ ನನ್ನ ಹೆಸರಿಗೆ ಬಂತು, ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಹಾಕಬೇಕೆಂಬುದನ್ನು ಅವರೇ ನೆನಪಿಸಿದರು.

ಐದನೆಯ ತಿಂಗಳಲ್ಲಿ ಮಂಗಳೂರಿನಿಂದ ಹಿಂದಿರುಗುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಏರುತ್ತಿದ್ದಂತೆ ಉಷ್ಣಾಂಶದ ಮುಳ್ಳು ಕೆಂಪು ಗೆರೆಗೆ ಹೋಯಿತು. ನಿಲ್ಲಿಸಲು ಜಾಗವಿಲ್ಲದ ತಿರುವುಗಳಲ್ಲಿ ಇನ್ನೂ ಸ್ವಲ್ಪ ದೂರ ಓಡಿಸಿ ನಿಲ್ಲಿಸುವಷ್ಟರಲ್ಲಿ ಬಾನೆಟ್‌ನಿಂದ ಹಬೆ ಏಳುತ್ತಿತ್ತು. ವಾರಂಟಿಯವರ ಟೋಯಿಂಗ್ ಗಾಡಿ ಮೂರು ಗಂಟೆಯ ನಂತರವಾದರೂ ಬಂತು, ಅದನ್ನು ಒಪ್ಪಿಕೊಳ್ಳಲೇಬೇಕು. ರೇಡಿಯೇಟರ್‌ನ ಮೇಲಿನ ಹೋಸ್ ಸೀಳಿ, ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವ ಸೋರಿಹೋಗಿತ್ತು. ಇಂಜಿನ್ ಕಾದು, ಅದರ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಕೆಳಗೆ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಸಿಲಿಂಡರ್ ಹೆಡ್ ಬಾಗಿದ್ದರಿಂದ ಲೇತ್‌ಗೆ ಕಳುಹಿಸಿ ಫೇಸಿಂಗ್, ಅಂದರೆ ಮೇಲ್ಮೈಯನ್ನು ಸಮತಟ್ಟು, ಮಾಡಿಸಬೇಕಾಯಿತು. ಒಟ್ಟು ಬಿಲ್ಲು 41,500 ರೂಪಾಯಿ.

ಹೆಡ್ ಗ್ಯಾಸ್ಕೆಟ್ ಮತ್ತು ಸಿಲಿಂಡರ್ ಹೆಡ್ ಎರಡೂ ವಾರಂಟಿಯ ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಾಗಿದ್ದವು. ಆದರೂ ಕ್ಲೇಮ್ ತಿರಸ್ಕೃತವಾಯಿತು. ಸವೆದು ಹಾಳಾಗುವ ಭಾಗಗಳಿಗೆ, ಅಂದರೆ ರಬ್ಬರ್ ಹೋಸ್, ಬೆಲ್ಟ್, ಸೀಲ್, ಕ್ಲಚ್ ಪ್ಲೇಟ್ ಮುಂತಾದವುಗಳಿಗೆ ವಾರಂಟಿ ಇಲ್ಲವೆಂಬುದು ನನಗೆ ಗೊತ್ತಿತ್ತು. ಅಂತಹ ಭಾಗದ ವೈಫಲ್ಯದಿಂದ ಬೇರೆ ಭಾಗಕ್ಕೆ ಆದ ಹಾನಿಗೂ ವಾರಂಟಿ ಇಲ್ಲವೆಂದು ಒಂಬತ್ತನೆಯ ಪುಟದಲ್ಲಿ ಬರೆದಿದ್ದುದನ್ನು ನಾನು ಓದಿರಲಿಲ್ಲ. ಬಹಳ ವಾದ ಮಾಡಿದ ಮೇಲೆ ಕೂಲಿಯ ಬಾಬ್ತಿನಲ್ಲಿ 6,000 ರೂಪಾಯಿ ಬಿಟ್ಟುಕೊಟ್ಟರು.

ಹಳೆಯ ಕಾರಿನ ಮಟ್ಟಿಗೆ ಈ ಒಂದು ಷರತ್ತು ಇಡೀ ಒಪ್ಪಂದವನ್ನೇ ಟೊಳ್ಳು ಮಾಡುತ್ತದೆ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಕೈಕೊಡುವುದು ರಬ್ಬರು. ಹೋಸ್ ಸೀಳಿದರೆ ಹೆಡ್ ಬಾಗುತ್ತದೆ, ಟೈಮಿಂಗ್ ಬೆಲ್ಟ್ ಇರುವ ಹಲವು ಇಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ, ಸೀಲ್ ಸೋರಿ ಆಯಿಲ್ ಖಾಲಿಯಾದರೆ ಗೇರ್‌ಬಾಕ್ಸ್ ಹೋಗುತ್ತದೆ. ಹಣ ತೆತ್ತು ರಕ್ಷಣೆ ಪಡೆದ ಕಬ್ಬಿಣವು ಕೆಡುವ ಈ ದಾರಿಗಳನ್ನು ಒಂದೊಂದಾಗಿ ಮುಚ್ಚಿದ ಮೇಲೆ ಉಳಿಯುವುದು ತೀರ ಅಪರೂಪದ ತಯಾರಿಕಾ ದೋಷ ಮಾತ್ರ, ಮತ್ತು ಅದು ಹನ್ನೆರಡು ವರ್ಷ ಕಾಯ್ದು ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯ ಕಾರು ವಿಮೆಯನ್ನು ನೆಚ್ಚುವಂತೆಯೂ ಇಲ್ಲ. ಯಾಂತ್ರಿಕ ಕೆಡುಕು ಅದರ ವ್ಯಾಪ್ತಿಗೇ ಬರುವುದಿಲ್ಲ.

ಇನ್ನೆರಡು ಷರತ್ತುಗಳೂ ಇವೆ: ಅವರು ಹೇಳಿದ ಗ್ಯಾರೇಜಿನಲ್ಲಿಯೇ ಸರ್ವಿಸ್ ಮಾಡಿಸಬೇಕು, ಅವರ ಅನುಮತಿಯಿಲ್ಲದೆ ಇಂಜಿನ್ ಬಿಚ್ಚಬಾರದು. ಇವು ನನಗೆ ಅನ್ಯಾಯವೆನಿಸಲಿಲ್ಲ.

ಇದೇ 14,000 ರೂಪಾಯಿಯಲ್ಲಿ ಕಾರು ಕೊಂಡ ವಾರವೇ ಎಲ್ಲ ಹೋಸ್‌ಗಳು, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್ ಮತ್ತು ಕೂಲಂಟ್ ಬದಲಾಯಿಸಿದ್ದರೆ ಇನ್ನೂ ಹಣ ಉಳಿಯುತ್ತಿತ್ತು ಎಂದು ನನ್ನ ಬಡಾವಣೆಯ ಮೆಕ್ಯಾನಿಕ್ ಲೆಕ್ಕ ಹಾಕಿ ತೋರಿಸಿದರು. ಕೊಳ್ಳುವ ಮುನ್ನ ಅವರನ್ನು ಕರೆದೊಯ್ಯದಿದ್ದುದು ನನ್ನದೇ ತಪ್ಪು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂತಹ ಬಿಳಿ ನೊರೆ (ಆಯಿಲ್‌ಗೆ ಕೂಲಂಟ್ ಬೆರೆತಿರಬಹುದಾದ ಸುಳಿವು) ಇದೆಯೇ, ಹೋಸ್ ಒತ್ತಿದರೆ ಬಿರುಕು ಕಾಣುತ್ತದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಅಷ್ಟಾದರೂ ವಾರಂಟಿ ಬೇಕೆನ್ನುವವರು, ಹಣ ಕೊಡುವ ಮೊದಲೇ ಪೂರ್ಣ ಷರತ್ತುಗಳ ಪ್ರತಿಯನ್ನು ಕೇಳಿ, ಪಟ್ಟಿಯಲ್ಲಿಲ್ಲದ ಭಾಗದಿಂದ ಪಟ್ಟಿಯಲ್ಲಿರುವ ಭಾಗ ಕೆಟ್ಟರೆ ಏನು ಎಂಬ ಒಂದೇ ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಲಿ. ನನಗೆ ಮಾರುವಾಗ ಬಾಯಿಮಾತಿನಲ್ಲಿ ಸಿಕ್ಕ ಉತ್ತರ "ಇಂಜಿನ್ ಪೂರ್ತಿ ಕವರ್ ಆಗುತ್ತೆ ಸರ್" ಎಂಬುದಾಗಿತ್ತು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು, ಅದಕ್ಕೆ ಎರಡು ವರ್ಷದ ಅವಧಿಯಿದೆ. ತಿರಸ್ಕಾರದ ಪತ್ರ, ಬಿಲ್ಲು ಮತ್ತು ಸೀಳಿದ ಆ ಹೋಸನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.