ಹಳೇ ಥಿಂಕ್‌ಪ್ಯಾಡ್‌ನಲ್ಲಿ ಡೆಬಿಯನ್: ಶಿರಸಿಯ ಡಿಟಿಪಿ ಅಂಗಡಿಯಿಂದ ಒಂದು ವಿಮರ್ಶೆ

ಶಿರಸಿ ಪೇಟೆಯಲ್ಲಿ ನಮ್ಮದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಒಂದಕ್ಕೆ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ವರ್ಷಗಳೇ ಆದವು. ಮಷೀನು ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರಿಗೆ ಮುಗಿದಿದೆ. ಅದರಲ್ಲೇ ದಿನಾ ದುಡಿಯುತ್ತಿದ್ದೇನೆ.

ಮೊದಲು ಪ್ರಿಂಟರ್ ವಿಷಯ, ನಮ್ಮ ಅನ್ನ ಅದರಲ್ಲೇ ಅಲ್ವಾ. ಮೊದಲೆಲ್ಲ ಪ್ರತಿ ಕಂಪನಿಯ ಪ್ರಿಂಟರಿಗೂ ಬೇರೆ ಬೇರೆ ಡ್ರೈವರ್ ಹುಡುಕಬೇಕಿತ್ತು. ಈಗಿನ ಹೆಚ್ಚಿನ ವೈಫೈ ಪ್ರಿಂಟರುಗಳು ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಎಂಬ, ಎಲ್ಲ ಕಂಪನಿಗೂ ಹೊಂದುವ ಭಾಷೆಯಲ್ಲಿ ಮಾತಾಡುತ್ತವೆ. ಹೊಸ ಪ್ರಿಂಟರನ್ನು ಅಂಗಡಿಯ ವೈಫೈಗೆ ಸೇರಿಸಿದೆ, ಹೆಸರು ತಾನಾಗಿ ಪಟ್ಟಿಯಲ್ಲಿ ಬಂತು, ಪಹಣಿ ಪ್ರಿಂಟಾಗಿ ಹೊರಗೆ ಬಂತು. ಸಿಡಿಯೂ ಬೇಡ, ಡೌನ್‌ಲೋಡೂ ಬೇಡ.

ಕಂಪ್ಯೂಟರನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್ ಬಯೋಸ್, ಅದರ ಅಪ್‌ಡೇಟ್ ಕೂಡ ಹಾಗೆಯೇ. ಲೆನೊವೊ, ಡೆಲ್, ಎಚ್‌ಪಿ ಮಾರುಕಟ್ಟೆಯಲ್ಲಿ ಜಿದ್ದಿಗೆ ಬಿದ್ದವರು. ಆದರೂ ಮೂವರೂ ಬಯೋಸ್‌ನಂಥ ತಮ್ಮ ಫರ್ಮ್‌ವೇರನ್ನು ಎಲ್‌ವಿಎಫ್‌ಎಸ್ ಎಂಬ ಒಂದೇ ಆನ್‌ಲೈನ್ ಉಗ್ರಾಣದಲ್ಲಿ ಇಡುತ್ತಾರೆ. ಒಂದು ಕಮಾಂಡು, ಒಂದು ರೀಬೂಟು, ಮುಗೀತು.

ಈ ಒಗ್ಗಟ್ಟು ಸುಮ್ನೆ ಬಂದದ್ದಲ್ಲ. 1988ರಲ್ಲಿ ಯುನಿಕ್ಸ್ ಎಂಬ, ಲಿನಕ್ಸಿಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಮ್ ಮಾರುವವರು ಎರಡು ಪಕ್ಷ ಕಟ್ಟಿಕೊಂಡಿದ್ದರು. ಐಬಿಎಂ, ಎಚ್‌ಪಿ, ಡೆಕ್ ಮುಂತಾದವರದ್ದು ಓಪನ್ ಸಾಫ್ಟ್‌ವೇರ್ ಫೌಂಡೇಶನ್, ಎಟಿ ಅಂಡ್ ಟಿ ಮತ್ತು ಸನ್ ಕಡೆಯವರದ್ದು ಯುನಿಕ್ಸ್ ಇಂಟರ್‌ನ್ಯಾಷನಲ್. ಅದೇ ವರ್ಷ, ಬೇರೆ ಬೇರೆ ಯುನಿಕ್ಸ್‌ಗಳಿಗೆಲ್ಲ ಒಂದೇ ನಿಯಮ ಹೇಳುವ ಪೋಸಿಕ್ಸ್ ಮಾನದಂಡವೂ ಬಂತು. ಆಮೇಲೆ ಮೈಕ್ರೋಸಾಫ್ಟ್ ಬೆಳೆಯುವುದನ್ನು ನೋಡಿ 1993ರಲ್ಲಿ ಎಚ್‌ಪಿ, ಐಬಿಎಂ, ಸನ್ ಒಂದೇ ವೇದಿಕೆಗೆ ಬಂದವು. ಭಯ ಬಂದ ಮೇಲೆ ಬುದ್ಧಿ ಬಂತು ಅನ್ನಿ. ಲಿನಕ್ಸಿನ ಹೆಚ್ಚಿನ ಆವೃತ್ತಿಗಳಿಗೆ ಯುನಿಕ್ಸ್ ಸರ್ಟಿಫಿಕೇಟ್ ಇಲ್ಲ, ಆದರೆ ಪೋಸಿಕ್ಸ್ ನಿಯಮಗಳನ್ನೇ ಬಹುಮಟ್ಟಿಗೆ ಪಾಲಿಸುತ್ತವೆ.

ಅದರ ಲಾಭ ನನಗೆ ಸಿಕ್ಕಿದ್ದು ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲಿನಲ್ಲಿ. ಸ್ಕ್ಯಾನ್ ಮಾಡಿದ ಕಾಗದಗಳಿಗೆ ತಾರೀಖಿನ ಹೆಸರು ಕೊಟ್ಟು ಬ್ಯಾಕಪ್ ಮಾಡುವ ಕೆಲಸ ಅದರದ್ದು. ಬೆಂಗಳೂರಿನ ಭಾವ ಅದನ್ನು ತನ್ನ ಮ್ಯಾಕಿಗೆ ಹಾಕಿಕೊಂಡ, ಮ್ಯಾಕೂ ಯುನಿಕ್ಸ್ ಕುಲದ್ದೇ. ಎಲ್ಲ ನಡೆಯಿತು, ಒಂದು ಸಾಲು ಬಿಟ್ಟು. "ನಿನ್ನೆ" ಅಂದರೆ ಯಾವ ತಾರೀಖು ಎಂದು ಕೇಳುವ ಸಾಲು ಅದು. ಆ ಸೌಲಭ್ಯ ಲಿನಕ್ಸಿನ ಡೇಟ್ ಕಮಾಂಡಿನಲ್ಲಿದೆ, ಪೋಸಿಕ್ಸಿನಲ್ಲಿ ಇಲ್ಲ. ಹಾಗಾಗಿ ಮ್ಯಾಕ್ ಒಪ್ಪಲಿಲ್ಲ. ಒಪ್ಪಂದದಲ್ಲಿ ಇದ್ದದ್ದು ಎರಡೂ ಕಡೆ ಓಡಿತು, ಇಲ್ಲದ್ದು ನಿಂತಿತು.

ಇನ್ನು ತಲೆನೋವು. ಗಿರಾಕಿಗಳು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಮದುವೆ ಕರೆಯೋಲೆ ತರುತ್ತಾರೆ. ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡಿಗೆ ಪರಿವರ್ತಿಸಿ ಮತ್ತೆ ಕಣ್ಣಾಡಿಸಲೇಬೇಕು, ಒತ್ತಕ್ಷರ ಕೈಕೊಡುವುದುಂಟು. ಹೊಸದಾಗಿ ಟೈಪ್ ಮಾಡಲು ಮಾತ್ರ ಏನೂ ತೊಂದರೆಯಿಲ್ಲ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೂ ಇದೆ, ಗುಬ್ಬಿ, ನವಿಲು ಫಾಂಟುಗಳೂ ಇವೆ.

ಗಿರಾಕಿಗಳ ಬೆರಳಿನ ಗುರುತು ಓದುವ ನನ್ನ ಫಿಂಗರ್‌ಪ್ರಿಂಟ್ ಯಂತ್ರಕ್ಕೆ ಇವತ್ತಿಗೂ ವಿಂಡೋಸೇ ಬೇಕು. ತಯಾರಕರಿಗೆ ಬರೆದೆ, ಉತ್ತರವಿಲ್ಲ. ಅದೊಂದಕ್ಕಾಗಿ ಇನ್ನೊಂದು ಕಂಪ್ಯೂಟರ್ ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಇಷ್ಟಕ್ಕೇ ಒಂದು ಸ್ಟಾರ್ ಕಡಿಮೆ, ಐದಕ್ಕೆ ನಾಲ್ಕು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡಿದರೂ ಸಿಸ್ಟಮ್ ಕೆಟ್ಟಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯ ಪುಣ್ಯವೂ ಇರಬಹುದು.

ಅಕೌಂಟಿಂಗಿಗೆ ಟ್ಯಾಲಿಯೇ ಬೇಕು ಅನ್ನುವವರು ಇದಕ್ಕೆ ಬರಬೇಡಿ. ಉಳಿದವರು ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಡೆಬಿಯನ್ನಿನ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ನೇರ ಓಡುವಂಥದ್ದು) ಜೇಬಲ್ಲಿಟ್ಟುಕೊಂಡು ಹೋಗಿ. ಅಲ್ಲೇ ಹಾಕಿ ವೈಫೈ, ಸೌಂಡು, ಕ್ಯಾಮೆರಾ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಎದ್ದೇಳುತ್ತದಾ ಅಂತಲೂ ನೋಡಿ. ಪೆನ್‌ಡ್ರೈವ್ ಹಾಕಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.