ಹಳೇ ಮಟ್ಟು, ಹಳೇ ಮಾತು, ಎರಡೂ ಹೊಸದು: ಮೂರು ರಾತ್ರಿ ಹಾಡಿ ನೋಡಿದೆವು

ದಾವಣಗೆರೆಯಲ್ಲಿ ಗಣಪತಿ ಹಬ್ಬ ಬಂದರೆ ನಮ್ಮ ಆರ್ಕೆಸ್ಟ್ರಾಕ್ಕೆ ಬಿಡುವಿಲ್ಲ. ನಾನು ಕೀಬೋರ್ಡ್ ನುಡಿಸುತ್ತೇನೆ. ಹೋದ ವರ್ಷ ಒಂದೇ ಪೆಂಡಾಲ್‌ನಲ್ಲಿ ಮೂರು ರಾತ್ರಿ ಕಾರ್ಯಕ್ರಮ ಸಿಕ್ಕಿತು. ಸಿನಿಮಾ ಹಾಡುಗಳ ನಡುವೆ ನಮ್ಮದೂ ಮೂರು ಸೇರಿಸಿದೆವು. ಒಂದಕ್ಕೆ ಹಳೇ ಮಟ್ಟು, ಹೊಸ ಮಾತು. ಇನ್ನೊಂದಕ್ಕೆ ಹಳೇ ಮಾತು, ಹೊಸ ಮಟ್ಟು. ಮೂರನೆಯದು ಪೂರ್ತಿ ಹೊಸದು. ಜನರ ಬಾಯಲ್ಲಿ ಯಾವುದು ಉಳಿಯುತ್ತದೆ ಅಂತ ನೋಡಬೇಕಿತ್ತು.

ಮೊದಲನೆಯದು ಸುಲಭ. ಕಂಪನಿ ನಾಟಕದವರು ಮರಾಠಿ, ಹಿಂದಿ ಮಟ್ಟುಗಳಿಗೆ ಕನ್ನಡ ಮಾತು ಕೂರಿಸಿ ಜನರನ್ನು ಹಿಡಿದಿಟ್ಟವರು. ಕಂಪನಿ ನಾಟಕದ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರಿನವರಾದ ನಮಗೆ ಅದು ಗೊತ್ತಿದ್ದದ್ದೇ. ಎಲ್ಲರಿಗೂ ಪರಿಚಯವಿದ್ದ ಒಂದು ಸಿನಿಮಾ ಹಾಡು ಆರಿಸಿ, ಅದೇ ಮಟ್ಟಿನಲ್ಲಿ ಭದ್ರಾ ನಾಲೆಯ ನೀರಿನ ಬಗ್ಗೆ ಬರೆದೆವು. ಶುರುವಿನ ಸಂಗೀತಕ್ಕೇ ಶಿಳ್ಳೆ ಬಿತ್ತು. ಆದರೆ ಪಲ್ಲವಿ ಬಂದಾಗ ಜನ ಹಾಡಿದ್ದು ಹಳೇ ಮಾತನ್ನೇ. ನಾಲೆಯ ಸಾಲು ಯಾರ ಕಿವಿಗೂ ಬೀಳಲಿಲ್ಲ. ತುಂಬಾ ಬೇಜಾರಾಯಿತು.

ನಾನು ಜಾಸ್ತಿ ಕಲಿತದ್ದು ಎರಡನೆಯದರಲ್ಲಿ. ಬಸವಣ್ಣನವರ ಒಂದು ವಚನ. ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅದನ್ನು ಮೋಹನ ರಾಗಕ್ಕೆ ಹಾಕಿದೆವು. ಸ ರಿ ಗ ಪ ದ, ಐದೇ ಸ್ವರ. ಕಷ್ಟ ಆಗಿದ್ದು ತಾಳದಲ್ಲಿ. ವಚನಕ್ಕೆ ಪದ್ಯದ ಹಾಗೆ ಮಾತ್ರೆಯ ಲೆಕ್ಕ ಇಲ್ಲ, ಅಲ್ವಾ? ಒಂದು ಸಾಲು ಗಿಡ್ಡ, ಮುಂದಿನದು ಉದ್ದ. ಎಂಟು ಮಾತ್ರೆಯ ಕೆಹರ್ವಾ ತಾಳದೊಳಗೆ ತುರುಕಿದರೆ ಮಾತು ಮುರಿಯುತ್ತದೆ. ಅದಕ್ಕೆ ಮೊದಲ ಸಾಲಿಗೆ ಮಾತ್ರ ತಬಲಾ ಇಟ್ಟೆವು. ಉಳಿದದ್ದನ್ನು ತಾಳವಿಲ್ಲದೆ ಬರೀ ಶ್ರುತಿಯ ಮೇಲೆ ಹಾಡಿಸಿದೆವು. ಮುಂದೆ ಕೂತಿದ್ದ ಅಜ್ಜರೊಬ್ಬರು ಮೊದಲ ರಾತ್ರಿ, "ವಚನಾನ ಹಿಂಗ್ ಹಾಡಿದ್ರೆ ಹೆಂಗ್ರೀ?" ಅಂದರು. ಆದರೂ ಎದ್ದು ಹೋಗಲಿಲ್ಲ. ಮುಂದಿನ ಮಾತು ಯಾವುದು ಅಂತ ಅವರಿಗೆ ಗೊತ್ತಿತ್ತು. ಅದು ಯಾವ ಸ್ವರ ಹಿಡಿದು ಬರುತ್ತದೆ ಅನ್ನೋದು ಗೊತ್ತಿರಲಿಲ್ಲ. ಆ ಕುತೂಹಲವೇ ಅವರನ್ನು ಕೂರಿಸಿತು ಅಂತ ನನ್ನ ನಂಬಿಕೆ. ಮೂರನೇ ರಾತ್ರಿ ನಾವು ಶುರು ಮಾಡುವ ಮೊದಲೇ ಕೇಳಿದರು: "ಇವತ್ತು ವಚನ ಇಲ್ವೇನ್ರಿ?"

ಪೂರ್ತಿ ಹೊಸ ಹಾಡಿಗೆ ಮೊದಲ ರಾತ್ರಿ ಅರ್ಧ ಜನ ಮಂಡಕ್ಕಿ-ಮಿರ್ಚಿ ಗಾಡಿ ಕಡೆ ಹೋದರು. ಅರ್ಥವಿಲ್ಲದ ಪದಗಳನ್ನೂ ಮುಖದ ಫೋಟೋಗಳನ್ನೂ ಪದೇ ಪದೇ ತೋರಿಸಿದರೆ ಜನರಿಗೆ ಅವುಗಳ ಮೇಲೆ ಇಷ್ಟ ಬೆಳೆಯುತ್ತದೆ ಅಂತ ರಾಬರ್ಟ್ ಜಾಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ತೋರಿಸಿದ್ದರು. ಹಾಡಿಗೂ ಅದು ಹೊಂದುತ್ತದಾ ಅಂತ ನೋಡೋಣ ಎನಿಸಿತು. ಎರಡನೇ ರಾತ್ರಿಯಿಂದ ಮೈಕ್ ಟೆಸ್ಟಿಂಗ್‌ಗೂ ಅದೇ ಪಲ್ಲವಿ ನುಡಿಸಿದೆವು, ಬಿಡುವಿನಲ್ಲೂ ಅದನ್ನೇ. ಕೊನೇ ರಾತ್ರಿ ಎಲ್ಲ ಮುಗಿದ ಮೇಲೆ ಸೌಂಡ್ ಸಿಸ್ಟಮ್‌ನ ಹುಡುಗ ವೈರ್ ಸುತ್ತುತ್ತಾ ಅದನ್ನು ಗುನುಗುತ್ತಿದ್ದ. ಚರಣ ಅವನ ಬಾಯಿಗೆ ಬಂದಿರಲಿಲ್ಲ.

ಈ ವರ್ಷ ಹಳೇ ಮಟ್ಟಿನ ಹಾಡು ಬಿಟ್ಟಿದ್ದೇವೆ. ಕಾರ್ಯಕ್ರಮ ಶುರುವಾಗುವುದು ವಚನದಿಂದ. ಅದರ ಬೆನ್ನಿಗೇ ಹೊಸ ಹಾಡು, ಚರಣವನ್ನು ತಿದ್ದಿ. ಅವನು ಗುನುಗಿದ ಪಲ್ಲವಿಯಲ್ಲಿ ಒಂದು ಸ್ವರವನ್ನೂ ಮುಟ್ಟಿಲ್ಲ.